ಹನ್ನೊಂದು ಹತ್ತರ ಎಲ್‌ಸಿ

ಅಂತರಸಂತೆ
2-6-2024

ಪದ್ದು,

ಎಂಟು ಸಲ ಫೋನ್ ಮಾಡಿದೆ. ಮೊದಲೆರಡು ಸಲ ರಿಂಗಾಯಿತು, ಆಮೇಲೆ ಅದೂ ಇಲ್ಲ. ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ ಅಂತ ತಿಳಿಯದಷ್ಟು ದಡ್ಡಿಯೇನಲ್ಲ ನಾನು. ಅದಕ್ಕೇ ಕಾಗದ. ಪೋಸ್ಟಾಫೀಸಿನಲ್ಲಿ ಕವರ್ ಕೇಳಿದರೆ, "ಯಾವ್ ಕೆಲ್ಸಕ್ಕವ್ವ ಅರ್ಜಿ ಆಕ್ತಿರೋದು?" ಅಂದರು. ಸ್ನೇಹಿತೆಗೆ ಅಂದೆ. ಅವರು ನಂಬಲಿಲ್ಲ.

ನಟರಾಜಣ್ಣನ ಗಾಯ ಒಣಗಿದೆಯಾ? ಮೈಸೂರಿನ ಆಸ್ಪತ್ರೆಯಿಂದ ನೇರ ನಿನ್ನ ತವರಿಗೆ, ಕಂಪಲಾಪುರಕ್ಕೆ, ಕರೆದುಕೊಂಡು ಹೋದೆಯಂತೆ. ನಮ್ಮೂರಿಗೆ ಬರುತ್ತೀರಿ ಅಂತ ಕೈಯಲ್ಲಿ ಎಳನೀರು ಹಿಡಿದು ಕ್ರಾಸಿನಲ್ಲಿ ಮಧ್ಯಾಹ್ನದವರೆಗೂ ಕಾದಿದ್ದೆ. ನೀನು ಬರಲಿಲ್ಲ. ಬರಬೇಕು ಅಂತ ಹೇಳುವ ಮುಖ ನನಗೂ ಇಲ್ಲ. ಹುಣಸೂರಿನ ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು ನಾವು. ನಮ್ಮೂರಿನ ನಟರಾಜಣ್ಣನನ್ನು ನಿನಗೆ ಗಂಡು ಅಂತ ತೋರಿಸಿದವಳೂ ನಾನೇ, ಲೈನ್ ಕೆಲಸ ಪರ್ಮನೆಂಟ್ ಆಗಲಿಲ್ಲ ಅಂದಾಗ ಸೋಲಾರ್ ಪ್ಲಾಂಟಿಗೆ ಬನ್ನಿ ಅಂತ ಕರೆದವಳೂ ನಾನೇ. ಎರಡಕ್ಕೂ ಈಗ ಬೈಯುತ್ತಿರಬಹುದು.

ಇಲ್ಲಿ ಎಲ್ಲ ಮೊದಲಿನ ಹಾಗೇ ಇದೆ. ನೂರು ಎಕರೆ ಪ್ಯಾನಲ್ಲು, ಸುತ್ತ ಬೇಲಿ, ಒಂದೇ ಗೇಟು. ಬೆಳಗ್ಗೆ ಹೆಬ್ಬೆಟ್ಟು ಒತ್ತಿ ಒಳಗೆ ಹೋದರೆ ಸಂಜೆ ಒತ್ತಿ ಆಚೆಗೆ. ಕಂಟ್ರೋಲ್ ರೂಮಿನ ಕಿಟಕಿಯಿಂದ ನೋಡಿದರೆ ನಮ್ಮ ಹೊಲವೇ ಕಾಣುತ್ತೆ. ಹೊಲ ಅಂದರೆ, ಅದರ ಮೇಲೆ ನಿಂತಿರುವ ಮೂರನೇ ಬ್ಲಾಕು. ಅಪ್ಪ ಇಪ್ಪತ್ತೆಂಟು ವರ್ಷಕ್ಕೆ ನಾಲ್ಕೆಕರೆ ಬರೆದುಕೊಟ್ಟರು, ಮನೆಗೊಂದು ಕೆಲಸ ಅಂತ ಕಂಪನಿಯವರು ನನ್ನನ್ನು ತೆಗೆದುಕೊಂಡರು. ಹೊಲವೂ ಒಳಗೆ, ನಾನೂ ಒಳಗೆ.

ಮಾರ್ಚ್ ಹದಿನಾಲ್ಕರ ಅಪಘಾತದ ಎನ್‌ಕ್ವೈರಿ ಮುಗಿಯಿತು. ವರದಿಯನ್ನು ನೋಟೀಸ್ ಬೋರ್ಡಿಗೆ ಅಂಟಿಸಿದ್ದಾರೆ. "ಸದರಿ ನಟರಾಜು ಅವರು ಲೈನ್ ಕ್ಲಿಯರ್ (ಎಲ್‌ಸಿ) ಪಡೆಯದೆ ಕೆಲಸಕ್ಕೆ ಇಳಿದಿರುತ್ತಾರೆ" ಅಂತ ಇದೆ. ನಾನು ಆ ಕಡೆ ನೋಡದೆ ನೀರು ಕುಡಿಯಲು ಹೋಗುತ್ತೇನೆ. ಕೆಳಗೆ ಎಲ್ಲರ ಸಹಿ ಇದೆ. ನನ್ನದೂ ಇದೆ.

ಬೈದಾದರೂ ಒಂದು ಸಾಲು ಬರಿ.

ನಿನ್ನ
ಶಾಂತಲಾ

*

ಕಂಪಲಾಪುರ
19-6-2024

ಶಾಂತಲಾ ಅವರಿಗೆ,

ಗಾಯ ಒಣಗಿದೆ. ಬಲಗೈಯನ್ನು ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲಕ್ಕೆ ಕತ್ತರಿಸಿದ್ದಾರೆ. ಎಡಗೈಯಲ್ಲಿ ಎರಡು ಬೆರಳು ಮಡಚುವುದಿಲ್ಲ. ಕೇಳಿದಿರಲ್ಲ, ಅದಕ್ಕೆ ಬರೆದೆ.

ನಮ್ಮಣ್ಣ ಚಾಮಯ್ಯನ ಮನೆಯಲ್ಲಿದ್ದೇವೆ. ಹೊಗೆಸೊಪ್ಪಿನ ಕಾಲ. ಮನೆಯವರೆಲ್ಲ ಸೊಪ್ಪು ಬೇಯಿಸುವ ಬ್ಯಾರನ್ ಮುಂದೆ ಕೂತು ಎಲೆಯನ್ನು ಕಡ್ಡಿಗೆ ಕಟ್ಟುತ್ತೇವೆ. ಅದು ಎರಡು ಕೈಯ ಕೆಲಸ. ಇವರು ಮೊದಲ ದಿನ ಬಂದು ಕೂತರು, ಹಲ್ಲಿನಲ್ಲಿ ದಾರ ಕಚ್ಚಿ ಒಂದು ಕಡ್ಡಿ ಕಟ್ಟಲು ನೋಡಿದರು. ನಮ್ಮಣ್ಣನ ಹೆಂಡತಿ ಮುಖ ತಿರುಗಿಸಿದಳು. ನಗುವುದಕ್ಕೋ ಅಳುವುದಕ್ಕೋ ಗೊತ್ತಿಲ್ಲ. ಮಾರನೇ ದಿನದಿಂದ ಇವರು ಬರಲಿಲ್ಲ.

ಕೈ ಹೋದದ್ದಕ್ಕಿಂತ ಇನ್ನೊಂದು ಆಯಿತು. ಇವರ ಜೊತೆ ಲೈನ್ ಮೇಲಿದ್ದ ಕರಿಯಯ್ಯ ನೋಡಲು ಬಂದಿದ್ದ. ಕಿತ್ತಳೆ ಹಣ್ಣು ತಂದಿದ್ದ, ಒಳ್ಳೆಯವನೇ. ಎದ್ದು ಹೋಗುವಾಗ, "ಎಲ್‌ಸಿ ಇಲ್ದೆ ಮುಟ್ಬುಟ್ಯಲ್ಲೋ ನಟ. ನಮ್ಗೆಲ್ಲ ನೀನೇ ಯೋಳ್ಕೊಡ್ತಿದ್ದೆ ಕಣ್ಲಾ" ಅಂದ. ಆವತ್ತಿನಿಂದ ಗೋಡೆ ಕಡೆ ತಿರುಗಿ ಕೂತು ಉಣ್ಣುತ್ತಾರೆ. ಮಾತಾಡಿಸಿದರೆ ಊಂ ಅನ್ನುತ್ತಾರೆ ಅಷ್ಟೇ. ಊರಿಗೆಲ್ಲ ಗೊತ್ತಾಗಿದೆ, ಲೈನ್ ಕ್ಲಿಯರ್ ತಗೊಳ್ಳದೆ ತಂತಿಗೆ ಕೈ ಹಾಕಿದ ಅಂತ. ಕುಡಿದಿದ್ದನಂತೆ ಅಂತಲೂ ಸೇರಿಸಿಕೊಂಡಿದ್ದಾರೆ. ಸ್ವಂತ ತಪ್ಪು ಅಂತ ಬರೆದಿರುವುದರಿಂದ ಪರಿಹಾರ ಇಲ್ಲ ಅಂತ ಕಂಪನಿಯಿಂದ ಕಾಗದವೂ ಬಂತು. ಅದು ಇರಲಿ. ಒಂಬತ್ತು ವರ್ಷ ನನ್ನ ಜೊತೆ ಬಾಳಿದ ಮನುಷ್ಯ ಗೋಡೆ ನೋಡಿಕೊಂಡು ಉಣ್ಣುವುದನ್ನು ನನ್ನಿಂದ ನೋಡಲಾಗುವುದಿಲ್ಲ.

ಈಗ ನಾನು ಕೇಳುತ್ತೇನೆ. ಆ ದಿನ ಕಂಟ್ರೋಲ್ ರೂಮಿನಲ್ಲಿ ಇದ್ದವಳು ನೀನು. ಎಲ್ಲ ಆಫ್ ಆಗಿತ್ತು ಅಂತ ನಿಮ್ಮ ಇಂಜಿನಿಯರೇ ಆಸ್ಪತ್ರೆಯಲ್ಲಿ ಹೇಳಿದರು. ಆಫ್ ಆಗಿದ್ದರೆ ಕರೆಂಟು ಎಲ್ಲಿಂದ ಬಂತು? ಏನಾಯಿತು ಅಲ್ಲಿ?

ಪದ್ಮಶ್ರೀ

*

ಅಂತರಸಂತೆ
1-7-2024

ಪದ್ದು,

'ಶಾಂತಲಾ ಅವರಿಗೆ' ಅಂತ ಬರೆದೆ. ಆಗಲಿ. ಬರೆದೆಯಲ್ಲ.

ಕರೆಂಟು ಎಲ್ಲಿಂದ ಬಂತು ಅಂತ ಕೇಳಿದ್ದೀಯ. ಹೇಳುತ್ತೇನೆ. ಸಾಮಾನ್ಯವಾಗಿ ಕರೆಂಟು ಬೇರೆ ಕಡೆಯಿಂದ ತಂತಿಯಲ್ಲಿ ಬರುತ್ತೆ. ಸಬ್‌ಸ್ಟೇಷನ್ನಿನಲ್ಲಿ ಸ್ವಿಚ್ ತೆಗೆದರೆ ಲೈನು ಸತ್ತ ಹಾಗೆ. ಲೈನ್‌ಮನ್ ಫೋನ್ ಮಾಡಿ ಎಲ್‌ಸಿ ಕೊಡಿ ಅನ್ನುತ್ತಾನೆ, ಅವರು ಕೊಟ್ಟೆವು ಅನ್ನುತ್ತಾರೆ, ಇವನು ಕಂಬ ಹತ್ತುತ್ತಾನೆ. ನಟರಾಜಣ್ಣ ಹನ್ನೆರಡು ವರ್ಷ ಹಾಗೇ ಬದುಕಿದವರು.

ಪ್ಯಾನಲ್ಲು ಹಾಗಲ್ಲ. ಅದಕ್ಕೆ ಕರೆಂಟು ಎಲ್ಲಿಂದಲೂ ಬರುವುದಿಲ್ಲ, ಅದರಲ್ಲೇ ಹುಟ್ಟುತ್ತೆ. ಗಾಜಿನ ಕೆಳಗೆ ತೆಳ್ಳನೆ ಬಿಲ್ಲೆಗಳಿವೆ, ಬೆಳಕು ಬಿದ್ದರೆ ಸಾಕು, ಅಲ್ಲೇ ಶುರು. ಒಂದು ಪ್ಯಾನಲ್ಲಿನಲ್ಲಿ ನಲವತ್ತು ಚಿಲ್ಲರೆ ವೋಲ್ಟು, ಏನೂ ಅಲ್ಲ. ಇಪ್ಪತ್ತೆಂಟನ್ನು ಬಾಲಕ್ಕೆ ತಲೆ ಕಟ್ಟಿ ಒಂದು ಸಾಲು ಮಾಡಿದರೆ ಸಾವಿರದ ಮೇಲೆ. ಅಂಥ ಸಾಲುಗಳ ತಂತಿಯೆಲ್ಲ ಬಂದು ಒಂದು ಪೆಟ್ಟಿಗೆಗೆ ಸೇರುತ್ತೆ. ಪೆಟ್ಟಿಗೆಯಿಂದ ಇನ್ವರ್ಟರಿಗೆ. ಪ್ಯಾನಲ್ಲಿನ ಕರೆಂಟು ಒಂದೇ ದಿಕ್ಕಿಗೆ ಹರಿಯುವಂಥದು, ಡಿಸಿ ಅನ್ನುತ್ತೇವೆ. ಮನೆಗೆ ಬೇಕಾದದ್ದು ಹಿಂದೆ ಮುಂದೆ ತೂಗುವಂಥದು, ಅದು ಎಸಿ. ಇನ್ವರ್ಟರು ಅದನ್ನು ಇದು ಮಾಡುತ್ತೆ. ಆಮೇಲೆ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಏರಿಸಿ ಸಬ್‌ಸ್ಟೇಷನ್ನಿಗೆ ಕಳಿಸುತ್ತೇವೆ. ಕಾಕನಕೋಟೆ ಕಾಡಿನ ಕಡೆಯಿಂದ ಒಂದು ಮೋಡ ಬಂದರೆ ನನ್ನ ಪರದೆ ಮೇಲೆ ಗೆರೆ ಕೆಳಗಿಳಿಯುತ್ತೆ, ಮೋಡ ಹೋದರೆ ಮೇಲೇರುತ್ತೆ. ದಿನವೆಲ್ಲ ಆ ಗೆರೆ ನೋಡುವುದೇ ನನ್ನ ಕೆಲಸ.

ಈಗ ನಿನ್ನ ಪ್ರಶ್ನೆ. ನಾವು ಆಫ್ ಮಾಡುವುದು ಇನ್ವರ್ಟರನ್ನು. ನಲ್ಲಿ ತಿರುಗಿಸಿ ನಿಲ್ಲಿಸಿದರೂ ಪೈಪಿನಲ್ಲಿ ನೀರು ಒತ್ತಿಕೊಂಡು ನಿಂತಿರುವುದಿಲ್ಲವೇ, ಹಾಗೆ. ನನ್ನ ಪರದೆ ಮೇಲೆ ಸೊನ್ನೆ ಬರುತ್ತೆ, ಪೆಟ್ಟಿಗೆಯೊಳಗೆ ಸಾವಿರ ವೋಲ್ಟು ನಿಂತೇ ಇರುತ್ತೆ. ಬಿಸಿಲಿಗೆ ಸ್ವಿಚ್ಚಿಲ್ಲ. ಆ ಪೆಟ್ಟಿಗೆಯಲ್ಲಿ ಕೆಲಸ ಮಾಡಬೇಕಾದರೆ ಪ್ರತಿ ಸಾಲನ್ನೂ ಬೇರೆ ಮಾಡಿ, ಮೀಟರ್ ಇಟ್ಟು ನೋಡಿ ಮುಟ್ಟಬೇಕು. ಇಲ್ಲವೇ ಹೊತ್ತು ಮುಳುಗುವ ತನಕ ಕಾಯಬೇಕು. ಅಣ್ಣನಿಗೆ ಅದರ ಟ್ರೈನಿಂಗ್ ಇನ್ನೂ ಆಗಿರಲಿಲ್ಲ.

ಮಳೆ ಹಿಡಿದಿದೆ. ಪ್ಯಾನಲ್ ತೊಳೆಯುವ ಹೆಂಗಸರಿಗೆ ಕೆಲಸವಿಲ್ಲ. ಅಮ್ಮ ನಿನಗೆ ಅಂತ ಹುಚ್ಚೆಳ್ಳು ಚಟ್ನಿಪುಡಿ ಮಾಡಿಟ್ಟಿದ್ದಾಳೆ. ಯಾರ ಕೈಲಿ ಕಳಿಸಲಿ?

ಶಾಂತಲಾ

*

ಕಂಪಲಾಪುರ
24-7-2024

ಶಾಂತಲಾ,

ಪಾಠ ಚೆನ್ನಾಗಿತ್ತು. ಮೇಷ್ಟರಾಗಬೇಕಿತ್ತು ನೀನು. ಎರಡು ಸಲ ಓದಿದೆ, ನಮ್ಮ ಅಮ್ಮ ಯಶೋದಮ್ಮನಿಗೂ ಓದಿ ಹೇಳಿದೆ. ಆಕೆ ಅಕ್ಷರ ಕಲಿತವಳಲ್ಲ. "ಅದ್ಸರಿ, ಆ ದಿನ ಏನಾಯ್ತು ಅಂತ ಬರ್ದೇ ಇಲ್ವಲ್ಲವ್ವ" ಅಂದಳು.

ನಾನು ಕೇಳಿದ್ದು ಎರಡು ಪ್ರಶ್ನೆ. ಒಂದಕ್ಕೆ ಎರಡು ಪುಟ ಉತ್ತರ, ಇನ್ನೊಂದಕ್ಕೆ ಚಟ್ನಿಪುಡಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ನಿನಗೆ ಇವರನ್ನು ಊರಿನ ಅಣ್ಣನಾಗಿ ಗೊತ್ತು. ನನಗೆ ಹೇಗೆ ಗೊತ್ತು ಹೇಳಲಾ? ಮನೆಯಲ್ಲಿ ಫ್ಯೂಸ್ ಹೋದರೆ ಮೀಟರ್ ಬೋರ್ಡಿನ ಹತ್ತಿರ ನಿಂತು, "ಪದ್ಮ, ಮೇನ್ ಆಫ್ ಮಾಡಿದ್ಯಾ? ಎಲ್‌ಸಿ ಕೊಟ್ಯಾ?" ಅಂತ ಅಡುಗೆಮನೆಗೆ ಕೂಗುತ್ತಿದ್ದರು. ನಾನು "ಕೊಟ್ಟೆ ಮಾರಾಯ್ರೆ" ಅಂತ ಕೂಗುವ ತನಕ ಬೆರಳು ಚಾಚುತ್ತಿರಲಿಲ್ಲ. ಮಿಕ್ಸಿ ರಿಪೇರಿಗೂ ಎಲ್‌ಸಿ. ಮದುವೆಯಾದ ಹೊಸದರಲ್ಲಿ ಹಾಸಿಗೆಗೆ ಬರುವಾಗಲೂ ಅದೇ ತಮಾಷೆ ಮಾಡುತ್ತಿದ್ದರು. ಇದನ್ನು ನಿನಗೆ ಬರೆಯಬಾರದು, ಬರೆದಾಯಿತು. ಇಂಥವರು ಕೇಳದೆ ಸಾವಿರ ವೋಲ್ಟಿನ ಪೆಟ್ಟಿಗೆಗೆ ಕೈ ಹಾಕಿದರು ಅಂತ ಊರು ನಂಬಬಹುದು. ನಾನು ನಾಲ್ಕು ತಿಂಗಳು ನಂಬಿದೆ. ನಂಬಿ ಬೈದೆ ಕಣೇ. ಆಸ್ಪತ್ರೆ ಹಾಸಿಗೆ ಪಕ್ಕದಲ್ಲಿ ನಿಂತು, ಯಾಕೆ ಕೇಳಲಿಲ್ಲ, ಯಾಕೆ ಕೇಳಲಿಲ್ಲ ಅಂತ ಬೈದೆ. ಅವರು ಒಂದು ಮಾತು ತಿರುಗಿ ಆಡಲಿಲ್ಲ.

ನೇರ ಕೇಳುತ್ತೇನೆ. ಅವರು ಎಲ್‌ಸಿ ಕೇಳಿದರೋ ಇಲ್ಲವೋ? ಹೌದು ಅಥವಾ ಇಲ್ಲ. ಬಿಸಿಲಿನ ವಿಚಾರ ಬೇಡ.

ಪದ್ಮಶ್ರೀ

*

ಅಂತರಸಂತೆ
11-9-2024

ಪದ್ದು,

ನಿನ್ನ ಕಾಗದ ಬಂದು ಒಂದೂವರೆ ತಿಂಗಳಾಯಿತು. ಬಿಸಿ ತುಪ್ಪದ ಹಾಗೆ ಇಟ್ಟುಕೊಂಡಿದ್ದೆ, ಉಗುಳಲೂ ಇಲ್ಲ, ನುಂಗಲೂ ಇಲ್ಲ. ನಾಲ್ಕು ಸಲ ಬರೆಯಲು ಕೂತು ಹರಿದು ಹಾಕಿದೆ. ಒಂದರಲ್ಲಿ 'ಇಲ್ಲ' ಅಂತಲೇ ಬರೆದಿದ್ದೆ.

ಹೌದು. ಕೇಳಿದರು.

ಬೆಳಗ್ಗೆ ಮೂರನೇ ಬ್ಲಾಕಿನ ಪೆಟ್ಟಿಗೆಯಲ್ಲಿ ತಂತಿಯ ಒಂದು ತುದಿ ಸುಟ್ಟಿತ್ತು. ಇಂಜಿನಿಯರ್ ಸಾಗರ್ ಬೇರೆ ಕಡೆ ಇದ್ದರು. ಅಣ್ಣ ಸಾಮಾನು ತಗೊಂಡು ಹೋದರು. ನಾನು ಇನ್ವರ್ಟರ್ ಆಫ್ ಮಾಡಿದೆ, ಪರದೆ ಮೇಲೆ ಆ ಬ್ಲಾಕು ಸೊನ್ನೆಗೆ ಬಂತು. ಗಂಟೆಗೊಮ್ಮೆ ಕಳಿಸುವ ರಿಪೋರ್ಟು ತಡವಾಗಿತ್ತು, ಅದನ್ನು ತುಂಬುತ್ತಿದ್ದೆ. ಫೋನ್ ಬಂತು. ಹನ್ನೊಂದು ಹತ್ತು. ಗಡಿಯಾರ ನನ್ನ ಎದುರಿಗೇ ಇದೆ.

"ಎಲ್‌ಸಿ ಕೊಡವ್ವ ತಾಯಿ" ಅಂದರು. ದಿನಾ ಹಾಗೇ ಅನ್ನುತ್ತಿದ್ದರು. ಟ್ರೈನಿಂಗಿನಲ್ಲಿ ನಮಗೆ ಹೇಳಿಕೊಟ್ಟ ಮೊದಲ ಮಾತೇ, ಪ್ಯಾನಲ್ ಕಡೆಯ ಕೆಲಸಕ್ಕೆ ಎಲ್‌ಸಿ ಅನ್ನುವ ಪದ ಬಾಯಲ್ಲಿ ಬರಬಾರದು, ಡಿಸಿ ಲೈವ್ ಇದೆ ಅಂತ ಹೇಳಬೇಕು ಅಂತ. ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಆಗಿದ್ದರೆ ಇಷ್ಟು ಸಂಕಟ ಇರುತ್ತಿರಲಿಲ್ಲ. ನಾನು ರಿಪೋರ್ಟಿನಿಂದ ಕಣ್ಣು ಎತ್ತದೆ, ಯಾರಾದರೂ ಊಟ ಆಯ್ತಾ ಅಂದರೆ ಆಯ್ತು ಅನ್ನುವ ಹಾಗೆ, "ಕೊಟ್ಟೆ ಕಣಣ್ಣ" ಅಂದೆ. ನಕ್ಕೆ ಕೂಡ.

ಎಸಿ ಒದೆಯುತ್ತೆ, ಡಿಸಿ ಹಿಡಿದುಕೊಳ್ಳುತ್ತೆ ಅಂತ ಅಂತಾರೆ. ನನಗೆ ಕೂಗು ಕೇಳಿಸಲಿಲ್ಲ. ಹುಲ್ಲು ಕೊಯ್ಯುತ್ತಿದ್ದ ದೊಡ್ಡಬೀರಯ್ಯ ಓಡಿ ಬಂದು ಕಿಟಕಿ ಬಡಿದಾಗಲೇ ಗೊತ್ತಾಗಿದ್ದು.

ಮಧ್ಯಾಹ್ನ ಸಾಗರ್ ಬಂದು, "ಎಲ್‌ಸಿ ಕೇಳಿದ್ನಾ ಅವನು?" ಅಂದರು. ಅವರ ಮುಖ ಬಿಳಿಚಿಕೊಂಡಿತ್ತು. ನನಗೆ ಅಪ್ಪನ ಹೊಲ ಕಣ್ಣ ಮುಂದೆ ಬಂತು, ಜೈಲು ಬಂತು. "ಇಲ್ಲ ಸಾರ್" ಅಂದೆ. ಅಷ್ಟೇ. ಅದನ್ನು ಅವರು ಬರೆದುಕೊಂಡರು. ಆಡಿದ ಮಾತು, ಒಡೆದ ಮುತ್ತು. ಆಸ್ಪತ್ರೆಯಲ್ಲಿ ಅಣ್ಣ ಎಚ್ಚರವಾದ ಕೂಡಲೇ ನಿಜ ಹೇಳಿಬಿಡುತ್ತಾರೆ, ನನಗೆ ಆಗುವುದು ಆಗಿಹೋಗಲಿ ಅಂತ ಎರಡು ದಿನ ಕಾದೆ. ಅವರೂ ಕೇಳಲಿಲ್ಲ ಅಂತಲೇ ಹೇಳಿದರು ಅಂತ ಗೊತ್ತಾಯಿತು. ಯಾಕೆ ಪದ್ದು? ಅವರು ಯಾಕೆ ಹಾಗೆ ಹೇಳಿದರು? ನನ್ನನ್ನು ಬಿಡಿಸಿದರೋ ಕಟ್ಟಿಹಾಕಿದರೋ ಇವತ್ತಿಗೂ ತಿಳಿಯುವುದಿಲ್ಲ.

ಹೋದ ವಾರ ಸಾಗರ್ ಹತ್ತಿರ ಹೋಗಿ, ನಾನು ಅವತ್ತು ಸುಳ್ಳು ಹೇಳಿದೆ, ತಿದ್ದಿ ಬರೆಯಿರಿ ಅಂದೆ. ಅವರು ಎದ್ದು ಬಾಗಿಲು ಹಾಕಿದರು. "ಮುಗಿದಿರೋ ಫೈಲಮ್ಮ ಅದು. ನೀನೂ ಹೋಗ್ತೀಯ, ನಾನೂ ಹೋಗ್ತೀನಿ. ಅವನ ಕೈ ಬರುತ್ತಾ?" ಅಂದರು. ಕೆಟ್ಟವರಲ್ಲ, ಅವರಿಗೂ ಇಬ್ಬರು ಮಕ್ಕಳು. ಮನೆಗೆ ಬಂದು ಅಪ್ಪನ ಹತ್ತಿರ ಹೇಳಿದೆ. ಅಪ್ಪ ಎಲೆ ಅಡಿಕೆ ಚೀಲ ಕಟ್ಟಿ ಪಕ್ಕಕ್ಕಿಟ್ಟು, "ಒಲ ಓಗಿ ಕೆಲ್ಸ ಬಂತು. ಕೆಲ್ಸ ಓದ್ರೆ ಒಲ ಬಂದದಾ?" ಅಂತ ಕೇಳಿದರು. ಮಾರನೇ ದಿನ ಹೆಬ್ಬೆಟ್ಟು ಒತ್ತಿ ಒಳಗೆ ಹೋದೆ.

ಈಗ ನಿನಗೆ ಗೊತ್ತು. ಏನು ಬೇಕಾದರೂ ಮಾಡು.

ಶಾಂತಲಾ

*

ಕಂಪಲಾಪುರ
8-10-2024

ಶಾಂತಲಾ,

ಓದಿ ಮೂರು ದಿನ ನಿನ್ನ ಕಾಗದವನ್ನು ಅಕ್ಕಿ ಡಬ್ಬದಲ್ಲಿ ಮುಚ್ಚಿಟ್ಟಿದ್ದೆ. ನಿನ್ನ ಮೇಲೆ ಎಷ್ಟು ಸಿಟ್ಟು ಬಂತು ಅಂತ ಬರೆದರೆ ಕಾಗದ ಸಾಲದು. ಅದಕ್ಕಿಂತ ನನ್ನ ಮೇಲೆ. ಬೈದೆನಲ್ಲ ಅವರನ್ನು.

ನಾಲ್ಕನೇ ದಿನ ಅದನ್ನು ಅವರ ಪಕ್ಕ ಕೂತು ಓದಿದೆ. ಗೋಡೆ ಕಡೆ ತಿರುಗಿದ್ದರು. ಓದಿ ಮುಗಿಸಿದಾಗ, "ಬರ್ದ್ಬುಟ್ಲಾ" ಅಂದರು. ನಾಲ್ಕು ತಿಂಗಳಲ್ಲಿ ಊಂ ಬಿಟ್ಟು ಅವರ ಬಾಯಿಂದ ಬಂದ ಮೊದಲ ಮಾತು ಅದು.

ಯಾಕೆ ಸುಳ್ಳು ಹೇಳಿದಿರಿ ಅಂತ ಕೇಳಿದೆ. "ಆ ಉಡ್ಗಿ ಅಪ್ಪನ್ ಒಲ ಕೊಟ್ಟು ಆ ಕುರ್ಚಿ ಮ್ಯಾಲೆ ಕುಂತದೆ. ನನ್ ಕೈ ಅಂತೂ ಬರಾಕಿಲ್ಲ. ಅವಳ್ದೂ ಯಾಕ್ ಓಗ್ಬೇಕು?" ಅಂದರು. ಆಮೇಲೆ, "ಎಲ್‌ಸಿ ಕೊಟ್ರೂ ಟೆಸ್ಟ್ರು ಇಟ್ಟು ನೋಡ್ಬೇಕಿತ್ತು ನಾನು. ನೋಡ್ಲಿಲ್ಲ. ಅದು ನನ್ದೇ" ಅಂದರು. ಇದನ್ನು ಯಾರ ಮುಂದೆಯೂ ಎತ್ತಬೇಡ ಅಂತ ನನ್ನಿಂದ ಭಾಷೆ ತಗೊಳ್ಳಲು ನೋಡಿದರು. ನಾನು ಕೊಡಲಿಲ್ಲ, ಎದ್ದು ಬಂದೆ.

ಅವರು ದೊಡ್ಡ ಮನುಷ್ಯ, ನಿನ್ನನ್ನು ಕಾಪಾಡಿದರು. ಆದರೆ ಅವರು ಬದುಕುತ್ತಿರುವುದು ನನ್ನ ತವರಿನ ಮೂಲೆಯಲ್ಲಿ. ಬೀದಿಗೆ ಹೋದರೆ ಚಿಕ್ಕ ಮಕ್ಕಳು 'ಎಲ್‌ಸಿ ಮಾವ' ಅಂತಾರೆ. ನೀನು ಕುರ್ಚಿಯ ಮೇಲೆ ಕೂತು ಸಂಕಟಪಡುತ್ತೀಯ, ಅವರು ಗೋಡೆ ಮುಂದೆ ಕೂತು. ಇಬ್ಬರನ್ನೂ ನೋಡಿಕೊಂಡು ನಾನು ಸುಮ್ಮನಿರಬೇಕಾ? ನನ್ನಿಂದ ಆಗಲ್ಲ.

ನನಗೆ ಬರೆದದ್ದು ಸಾಲದು. ನಾನು ಸ್ನೇಹಿತೆ, ನನಗೆ ಹೇಳಿದರೆ ನಿನ್ನ ಎದೆ ಹಗುರವಾಗುತ್ತೆ, ಅವರ ಹೆಸರು ಹಗುರವಾಗುವುದಿಲ್ಲ. ಹುಣಸೂರಿನಲ್ಲಿ ಕಾರ್ಮಿಕ ಅಧಿಕಾರಿ ಇದ್ದಾರೆ. ಅವರಿಗೆ ಅಂತ ಬರಿ, ಸಹಿ ಮಾಡು, ನನಗೆ ಕಳಿಸು. ಕೊಡುವುದೋ ಬಿಡುವುದೋ ನಾನು ನೋಡುತ್ತೇನೆ.

ಬರೆಯದಿದ್ದರೆ ಇದೇ ಕೊನೆಯ ಕಾಗದ.

ಪದ್ಮಶ್ರೀ

*

ಅಂತರಸಂತೆ
27-10-2024

ಪದ್ದು,

ಇದರ ಜೊತೆ ಎರಡು ಹಾಳೆ ಇವೆ. ಎರಡರಲ್ಲೂ ಸಹಿ ಇದೆ. ಹನ್ನೊಂದು ಹತ್ತು ಅಂತ ಅಕ್ಷರದಲ್ಲೂ ಅಂಕಿಯಲ್ಲೂ ಬರೆದಿದ್ದೇನೆ, ಯಾರೂ ತಿದ್ದದ ಹಾಗೆ.

ಅಪ್ಪನಿಗೆ ಹೇಳಿಲ್ಲ. ಇದನ್ನು ಪೋಸ್ಟಿಗೆ ಹಾಕಲು ಎರಡು ವಾರ ಹಿಡಿಯಿತು. ಧೈರ್ಯ ಬಂದು ಹಾಕುತ್ತಿಲ್ಲ. ಇನ್ನೂ ಇಪ್ಪತ್ತನಾಲ್ಕು ವರ್ಷ ಆ ಕಿಟಕಿಯಲ್ಲಿ ಕೂತು ಮೂರನೇ ಬ್ಲಾಕನ್ನು ನೋಡಬೇಕಲ್ಲ, ಅದಕ್ಕೆ ಹಾಕುತ್ತಿದ್ದೇನೆ.

ನೀನು ಕೊಡದೆ ಇಟ್ಟುಕೊಂಡರೂ ನಾನು ಏನೂ ಅನ್ನುವುದಿಲ್ಲ. ಕೊಟ್ಟರೂ ಅನ್ನುವುದಿಲ್ಲ. ಕೊಡಬೇಡ ಅಂತ ಒಳಗೊಳಗೇ ಬೇಡಿಕೊಳ್ಳುತ್ತಿದ್ದೇನೆ ಅನ್ನುವುದನ್ನೂ ಬರೆದುಬಿಡುತ್ತೇನೆ, ಇನ್ನು ನಿನ್ನ ಹತ್ತಿರ ಮುಚ್ಚಿಡುವುದು ಬೇಡ.

ಶಾಂತಲಾ

*

ಕಂಪಲಾಪುರ
6-12-2024

ಶಾಂತಲಾ,

ಕೊಟ್ಟೆ ಅಂತ ನಿನಗೆ ಆಗಲೇ ಗೊತ್ತಾಯಿತಲ್ಲ, ನೋಟೀಸ್ ಬಂದಾಗ. ನವೆಂಬರ್ ಹದಿನೈದಕ್ಕೆ ಕೊಟ್ಟೆ. ಅವರು ಬೇಡ ಅಂದರು, ಅಣ್ಣ ಬೇಡ ಅಂದ. ಆಫೀಸಿನ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತೆ. ನಿನಗೆ ಏನಾಗುತ್ತೆ ಅಂತ ಯೋಚನೆ ಮಾಡಿದೆ. ಮಾಡಿಯೇ ಕೊಟ್ಟೆ. ಇದಕ್ಕೆ ನಾನು ಕ್ಷಮೆ ಕೇಳುವುದಿಲ್ಲ.

ಮೊನ್ನೆ ವಿಚಾರಣೆಯ ದಿನ ಆ ಕಾರಿಡಾರಿನಲ್ಲಿ ನಿನ್ನನ್ನು ನೋಡಿದೆ. ಸಣ್ಣಗಾಗಿದ್ದೀಯ. ನೀನೂ ನನ್ನನ್ನು ನೋಡಿದೆ. ನಾನು ಬೆಂಚಿನಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿದೆ, ಆದರೆ ಬಾ ಅಂತ ಬಾಯಿ ಬರಲಿಲ್ಲ. ಅಷ್ಟರಲ್ಲಿ ನಿನ್ನನ್ನೂ ಇವರನ್ನೂ ಒಳಗೆ ಕರೆದು ಬಾಗಿಲು ಹಾಕಿದರು.

ಒಳಗೆ ಏನಾಯಿತು? ಅವರು ಕಣ್ಣು ಒರೆಸಿಕೊಳ್ಳುತ್ತಾ ಬಂದರು. ಬಸ್ಸಿನಲ್ಲಿ ಎಷ್ಟು ಕೇಳಿದರೂ ಹೇಳಲಿಲ್ಲ. ಹೇಳದೇ ಇರುವುದು ಹೊಸದಲ್ಲ, ಆದರೆ ಇದು ಬೇರೆ ಥರ ಇದೆ. ಮನೆಗೆ ಬಂದು ಅಂಗಳದಲ್ಲಿ ಎಲ್ಲರ ಜೊತೆ ಕೂತು ಉಂಡರು. ನಮ್ಮಣ್ಣನ ಹತ್ತಿರ ಸಾರು ಇನ್ನೊಂದು ಸೌಟು ಕೇಳಿದರು. ನಾನು ಒಳಗೆ ಹೋಗಿ ಅತ್ತೆ.

ನಿನ್ನ ಕ್ಷಮಿಸಿದ್ದೀನಾ ಅಂತ ಕೇಳಬೇಡ, ನನಗೇ ಗೊತ್ತಿಲ್ಲ. ಆದರೆ ಅಲ್ಲಿ ನಡೆದದ್ದನ್ನು ಬರಿ.

ಪದ್ಮ

*

ಅಂತರಸಂತೆ
15-12-2024

ಪದ್ದು,

ಮೊದಲು ನನ್ನ ಸುದ್ದಿ ಹೇಳಿ ಮುಗಿಸುತ್ತೇನೆ. ವಿಚಾರಣೆಯ ಮಾರನೇ ದಿನ ಗೇಟಿನಲ್ಲಿ ಹೆಬ್ಬೆಟ್ಟು ಒತ್ತಿದರೆ ಕೆಂಪು ದೀಪ ಬಂತು. ಸಸ್ಪೆಂಡ್. ಕೇಸ್ ಆಗುತ್ತೋ ಇಲ್ಲವೋ ಗೊತ್ತಿಲ್ಲ. ಸಾಗರ್ ಅವರನ್ನು ಬೇರೆ ಕಡೆಗೆ ಹಾಕಿದ್ದಾರೆ. ಅಪ್ಪ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ನೆನ್ನೆ ಬೇಲಿ ಪಕ್ಕ ಎಮ್ಮೆ ಹೊಡೆದುಕೊಂಡು ಬರುವಾಗ ನಿಂತು, "ನಮ್ ಒಲವ ನಾವ್ ಆಚೆಯಿಂದ ನೋಡಂಗಾಯ್ತಲ್ಲ ಮಗ" ಅಂದರು. ಒಳಗಿದ್ದಾಗ ಆಚೆಗೆ ಬರಬೇಕು ಅಂತ ತಡಕಾಡುತ್ತಿದ್ದೆ. ಈಗ ಆಚೆಗಿದ್ದೇನೆ, ಹೋಗುವುದಕ್ಕೆ ಜಾಗವಿಲ್ಲ. ನೀನು ಕೊಟ್ಟದ್ದಕ್ಕೆ ನನಗೆ ಸಿಟ್ಟಿಲ್ಲ. ಭಯ ಇದೆ.

ಈಗ ಒಳಗೆ ನಡೆದದ್ದು.

ಅಧಿಕಾರಿ ಹೆಂಗಸು, ಕನ್ನಡಕ ಹಾಕಿದ್ದರು. ಈ ಕಡೆ ಅಣ್ಣ, ಆ ಕಡೆ ನಾನು, ನಡುವೆ ಸಾಗರ್ ಮತ್ತು ಕಂಪನಿಯ ವಕೀಲರು. ಮೇಡಂ ನನ್ನ ಹಾಳೆ ಓದಿ ಅಣ್ಣನನ್ನು ಕೇಳಿದರು, "ಆಸ್ಪತ್ರೆಯಲ್ಲಿ ನೀವು ಕೇಳಲಿಲ್ಲ ಅಂತ ಹೇಳಿದ್ದೀರಿ. ಇವರು ಕೇಳಿದರು ಅಂತ ಬರೆದಿದ್ದಾರೆ. ಯಾವುದು ನಿಜ?"

"ನಾನ್ ಕೇಳ್ಲಿಲ್ಲ ಮೇಡಂ. ಆ ಉಡ್ಗೀದೇನೂ ಇಲ್ಲ" ಅಂದರು.

ನಾನು, "ಕೇಳಿದ್ರು ಮೇಡಂ. ಹನ್ನೊಂದು ಹತ್ತಕ್ಕೆ. ಕೊಟ್ಟೆ ಅಂದೆ" ಅಂದೆ.

"ಸುಮ್ಕಿರವ್ವ."

"ಇರಲ್ಲಣ್ಣ."

ಬಸ್ಸಿನಲ್ಲಿ ಟಿಕೆಟ್ ನಾನು ತಗೋತೀನಿ, ಬೇಡ ನಾನು ತಗೋತೀನಿ ಅಂತ ಜಗಳವಾಡುತ್ತಾರಲ್ಲ, ಹಾಗೆ ಆಡಿದೆವು. ಮೇಡಂ ಪೆನ್ ಕೆಳಗಿಟ್ಟು ಇಬ್ಬರನ್ನೂ ನೋಡುತ್ತಾ ಕೂತರು. ಅಣ್ಣ ಬಗ್ಗಲೇ ಇಲ್ಲ. ನನ್ನ ಎರಡು ಹಾಳೆ, ನನ್ನ ಕೆಲಸ, ನೀನು ಅದನ್ನು ತಂದುಕೊಟ್ಟದ್ದು ಎಲ್ಲ ದಂಡವಾಯಿತು ಅಂದುಕೊಂಡೆ.

ಆಗ ವಕೀಲರು ನಗುತ್ತಾ ಬಾಯಿ ಹಾಕಿದರು. "ಅವರೇ ಒಪ್ಪಿಕೊಳ್ತಿದ್ದಾರಲ್ಲ ಮೇಡಂ. ಇಂಥವರಿಗೆ ಅಭ್ಯಾಸ. ಹಿಂದೆ ಲೈನಿನಲ್ಲಿದ್ದಾಗಲೂ ಹೀಗೇ ಹೇಳದೆ ಕೇಳದೆ ಕಂಬ ಹತ್ತುತ್ತಿದ್ದರು ಅಂತ ಕಾಣುತ್ತೆ."

ಅಣ್ಣ ಎದ್ದು ನಿಂತರು ಪದ್ದು. ಕುರ್ಚಿ ಹಿಂದಕ್ಕೆ ಬಿತ್ತು.

"ಯಾರ್ ಸ್ವಾಮಿ ನಿಮ್ಗೆ ಯೋಳಿದ್ದು? ಅನ್ನೆಲ್ಡು ವರ್ಷ ಕಂಬ ಅತ್ತಿವ್ನಿ. ಮಳೇಲಿ ಅತ್ತಿವ್ನಿ, ಗಾಳೀಲಿ ಅತ್ತಿವ್ನಿ. ಎಲ್‌ಸಿ ಇಲ್ದೆ ಒಂದ್ ದಿನ ಒಂದ್ ತಂತಿ ಮುಟ್ಟಿಲ್ಲ ನಾನು."

ಮೇಡಂ ಮೆಲ್ಲಗೆ ಕೇಳಿದರು, "ಮಾರ್ಚ್ ಹದಿನಾಲ್ಕನೇ ತಾರೀಖು?"

ಅಣ್ಣ ನನ್ನ ಕಡೆ ತಿರುಗಿದರು. ನನ್ನನ್ನು ಕೇಳುತ್ತಿದ್ದಾರೆ ಅಂತ ಗೊತ್ತಾಯಿತು. ನಾನು ತಲೆ ಅಲ್ಲಾಡಿಸಿದೆ, ಹೇಳಿ ಅಂತ.

"ಆವತ್ತೂ ಕೇಳ್ದೆ ಮೇಡಂ" ಅಂದರು. "ಕೊಟ್ರು. ಮುಟ್ದೆ."

ಮೇಡಂ ಬರೆದುಕೊಂಡರು. ಅಣ್ಣ ನಿಂತೇ ಅತ್ತರು, ಮೋಟುಗೈಯಲ್ಲಿ ಮುಖ ಮುಚ್ಚಿಕೊಳ್ಳಲು ನೋಡಿದರು, ಆಗಲಿಲ್ಲ. ಸಾಗರ್ ಅವರೇ ಕುರ್ಚಿ ಎತ್ತಿ ನಿಲ್ಲಿಸಿ ಕೂರಿಸಿದರು.

ಅಷ್ಟೇ ನಡೆದದ್ದು. ಅವರು ನಿನಗೆ ಹೇಳದೇ ಇದ್ದದ್ದು ನನ್ನ ಮೇಲಿನ ಕನಿಕರಕ್ಕೆ ಇರಬೇಕು. ನನ್ನನ್ನು ತಾವೇ ಸಿಕ್ಕಿಸಿದ್ದು ಅಂದುಕೊಂಡಿದ್ದಾರೆ. ಇಲ್ಲ ಅಂತ ಅವರಿಗೆ ಹೇಳು.

ಆ ಬಾಗಿಲು ಹಾಕಬಾರದಿತ್ತು ಪದ್ದು. ಎಲ್‌ಸಿ ಇಲ್ದೆ ಮುಟ್ಟಿಲ್ಲ ಅಂದಾಗ ಅವರ ಧ್ವನಿಗೆ ಆ ಕೋಣೆ ಸಾಲಲಿಲ್ಲ. ನೀನು ಬೆಂಚಿನ ಮೇಲೆ ನಾಲ್ಕು ಮಾರು ದೂರದಲ್ಲಿ ಕೂತಿದ್ದೆ. ಅದನ್ನು ಎಲ್ಲರಿಗಿಂತ ಮೊದಲು ನೀನು ಕೇಳಬೇಕಿತ್ತು.

ಶಾಂತಲಾ